ಬಾಣಂತಿಯ ಉಂಡೆ ತಿಂದು ಓಡಿದವಳು

ಜಾಲಿಯ ಅಂಟನ್ನು ತುಪ್ಪದಲ್ಲಿ ಹುರಿಯುವ ವಾಸನೆ ಬಂದರೆ ಇವತ್ತಿಗೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಬೇರೆಯವರಿಗೆ ಆ ವಾಸನೆಗೆ ಬಾಯಲ್ಲಿ ನೀರೂರುತ್ತದೆ. ಯಾರ ಮನೆಯಲ್ಲೋ ಕೂಸು ಹುಟ್ಟಿದೆ, ಬಾಣಂತಿಗೆ ಉಂಡೆ ಕಟ್ಟುತ್ತಿದ್ದಾರೆ ಎಂದು ಮುಖ ಅರಳುತ್ತದೆ. ನಾನು ಮಾತ್ರ ಮೊದಲು ಬಾಗಿಲ ಕಡೆ ನೋಡುತ್ತೇನೆ, ಯಾರಾದರೂ ಬಂದರೇನೋ ಎಂದು. ತಲೆ ಪೂರ್ತಿ ಬೆಳ್ಳಗಾದ ಹೆಂಗಸು ಉಂಡೆಗೆ ಬೆದರುವುದು ನಗೆಪಾಟಲಿನ ಸಂಗತಿ ಎಂದು ನನಗೂ ಗೊತ್ತು. ಗೊತ್ತಿದ್ದರೂ ಹೆದರಿಕೆ ಹೋಗುವುದಿಲ್ಲ.

ಈಗಿನ ಹುಡುಗಿಯರು ಓಡಿ ಬಂದು, ಭಾರ ಎತ್ತಿ ಬಂದು, ದೊಡ್ಡ ಡಬ್ಬಿಯ ಪುಡಿಯನ್ನು ನೀರಿಗೆ ಹಾಕಿ ಗಡಗಡ ಅಲ್ಲಾಡಿಸಿ ಎಲ್ಲರೆದುರಿಗೇ ಕುಡಿಯುತ್ತಾರೆ. ಅದರ ಹಿಂದೆಯೇ ಅಶ್ವಗಂಧದ ಗುಳಿಗೆ ನುಂಗುತ್ತಾರೆ. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಪುಡಿಗಾಗಿ ಅಲ್ಲ, ಎಲ್ಲರೆದುರಿಗೆ ಕುಡಿಯುತ್ತಾರಲ್ಲ, ಅದಕ್ಕಾಗಿ.

ನಾನು ಓಡುತ್ತಿದ್ದದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಸಿಂದಗಿಯಲ್ಲಿ ಹೈಸ್ಕೂಲು ಓದುವಾಗ. ಅಪ್ಪ ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ವಾರವೆಲ್ಲ ಅಲ್ಲಿಯೇ ಒಂದು ಖೋಲಿಯಲ್ಲಿದ್ದು ಶನಿವಾರ ಸಂಜೆಯ ಬಸ್ಸಿಗೆ ಮನೆಗೆ ಬರುತ್ತಿದ್ದ. ಮನೆಯಲ್ಲಿ ನಾನು, ಅವ್ವ ಇಬ್ಬರೇ. ನನ್ನ ಹಿಂದೆ ಎರಡು ಕೂಸು ಹುಟ್ಟಿ ಹೋಗಿದ್ದವು. ಗಂಡುಮಗನ ಆಸೆ ಅಪ್ಪನಿಗೆ ಇನ್ನೂ ಇತ್ತು. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಓಣಿಯ ಹುಡುಗರು ಗೋಲಿ ಆಡುವಾಗ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ನೋಡುತ್ತಿದ್ದ.

ಹತ್ತನೆತ್ತೆ, ಅಂದರೆ ಹತ್ತನೇ ತರಗತಿ, ಮುಗಿದ ಕೂಡಲೇ ನನ್ನ ಲಗ್ನ ಎಂಬುದು ಮನೆಯಲ್ಲಿ ಗೋಡೆಯಷ್ಟೇ ಗಟ್ಟಿಯಾದ ಮಾತಾಗಿತ್ತು. ಅದನ್ನು ಸ್ವಲ್ಪ ಅಲ್ಲಾಡಿಸಿದವರು ಶಾಲೆಯ ಆಟದ ಅಕ್ಕೋರು. ಒಂದು ಭಾನುವಾರ ಮನೆಗೆ ಬಂದು, ನಾನು ಎಂಟುನೂರು ಮೀಟರ್ ಓಟದಲ್ಲಿ ಬಸವನ ಬಾಗೇವಾಡಿಯ ದೊಡ್ಡ ಕೂಟದಲ್ಲಿ ನಂಬರ್ ತಂದರೆ ಆಟದ ಶಿಕ್ಷಕಿಯ ತರಬೇತಿಗೆ ಸೀಟು ಸಿಗುವ ಹಾಗಿದೆ ಎಂದು ಅಪ್ಪನಿಗೆ ಹೇಳಿದರು. ಅಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡು, ಬಾಗಿಲ ಹಿಂದೆ ನಿಂತಿದ್ದ ನನಗೂ ಕೇಳುವ ಹಾಗೆ ಹೇಳಿದ.

"ಬಾಗೇವಾಡಿಯೊಳಗ ನಂಬರ್ ತಂದ್ರ ಓದಸ್ತೇನ್ರಿ. ಇಲ್ಲಂದ್ರ ಇಲ್ಲ. ಆಮ್ಯಾಲೆ ನೀವೂ ಬರಬ್ಯಾಡ್ರಿ."

ಅವತ್ತಿನಿಂದ ಓಟವೇ ಓಟ. ಬೆಳಗಾಗುವ ಹೊತ್ತಿಗೆ ಇಂಡಿ ರಸ್ತೆಯ ಮೇಲೆ ಓಡುತ್ತಿದ್ದೆ, ಮತ್ತೆ ಸಂಜೆ ಶಾಲೆಯ ಬಯಲಿನಲ್ಲಿ. ತಿನ್ನುತ್ತಿದ್ದದ್ದು ಎರಡು ಜೋಳದ ರೊಟ್ಟಿ, ಗುರೆಳ್ಳು ಹಿಂಡಿ, ಇದ್ದರೆ ಪುಂಡಿಪಲ್ಯ. ಹಾಲು ಚಹಾಕ್ಕೆ, ಮೊಸರು ಶನಿವಾರಕ್ಕೆ. ಇದನ್ನು ಬಡತನ ಎನ್ನಲಾರೆ. ಮಾಸ್ತರ ಮನೆ, ಜೋಳಕ್ಕೆ ತೊಂದರೆ ಇರಲಿಲ್ಲ. ಹೆಣ್ಣುಮಗಳು ಹಾಲು ಕುಡಿಯಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ.

ಇಂಡಿಯಲ್ಲಿ ನಡೆದ ಮೊದಲ ಕೂಟದಲ್ಲಿ ಗೆದ್ದೆ. ಗೆದ್ದು ಸುಣ್ಣದ ಗೆರೆ ದಾಟಿದವಳೇ ಕಣ್ಣು ಕತ್ತಲೆಗಟ್ಟಿ ಬಿದ್ದೆ. ಎಚ್ಚರಾದಾಗ ಎರಡೂ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿದ್ದವು. ಅಕ್ಕೋರು ತಿಕ್ಕುತ್ತಿದ್ದರು, ನಾನು ಚೀರುತ್ತಿದ್ದೆ. ಬಸ್ಸಿನಲ್ಲಿ ಬರುವಾಗ ಅವರು ನಾನು ಏನು ತಿನ್ನುತ್ತೇನೆಂದು ಒಂದೊಂದಾಗಿ ಕೇಳಿದರು. ಕೇಳಿ, "ಇಂಥಾ ಊಟದ ಮ್ಯಾಲೆ ನಿನ್ನ ಓಡಿಸಿದ್ರ ಪಾಪ ನನಗ ಹತ್ತತೈತಿ. ತತ್ತಿ ತಿಂತೀಯೇನು?" ಎಂದರು. ನಮ್ಮ ಮನೆಯಲ್ಲಿ ತತ್ತಿ, ಮೊಟ್ಟೆ ಎಂಬ ಮಾತನ್ನು ಆಡಿದರೂ ಅವ್ವ ಬಾಯಿ ಮುಕ್ಕಳಿಸು ಎನ್ನುತ್ತಿದ್ದಳು.

ಎಂಟು ದಿನಕ್ಕೆ ಅಕ್ಕೋರು ಬಿಜಾಪುರದ ಔಷಧಿ ಅಂಗಡಿಯಿಂದ ಒಂದು ತಗಡಿನ ಡಬ್ಬಿ ತಂದುಕೊಟ್ಟರು. ಒಳಗೆ ಹಳದಿ ಬಣ್ಣದ ನುಣ್ಣನೆಯ ಪುಡಿ. ಪ್ರೋಟೀನು ಎಂದರು. ಓಡಿದ ಮೇಲೆ ಸವೆದ ಮೈಯನ್ನು ಅದು ಮತ್ತೆ ಕಟ್ಟುತ್ತದಂತೆ. ಅವ್ವ ಡಬ್ಬಿಯನ್ನು ಅಂಗೈಯಲ್ಲಿ ಹಿಡಿಯಲಿಕ್ಕೂ ಅಂಜಿದಳು. ಯಾವ ಪ್ರಾಣಿಯದ್ದೋ, ಏನೋ. ಹಾಲಿನದ್ದೇ ಎಂದು ಅಕ್ಕೋರು ಆಣೆ ಮಾಡಿದ ಮೇಲೆ ಜೋಳ ತುಂಬಿಡುವ ಗುಮ್ಮಿಯ ಹಿಂದೆ ಬಚ್ಚಿಟ್ಟು, ದಿನಕ್ಕೆ ಎರಡು ಚಮಚೆಯಂತೆ ಬಿಸಿನೀರಿಗೆ ಕದಡಿ ಕೊಟ್ಟಳು. ಗಂಟುಗಂಟಾಗಿ ಗಂಟಲಿಗೆ ಅಂಟುತ್ತಿತ್ತು. ಆದರೆ ಕುಡಿದ ನಾಲ್ಕೈದು ದಿನಕ್ಕೆ ಬೆಳಿಗ್ಗೆ ಏಳುವಾಗ ಕಾಲು ಭಾರ ಅನಿಸಲಿಲ್ಲ. ಆ ಖುಷಿ ಡಬ್ಬಿಯ ತಳ ಕಾಣುವವರೆಗೆ. ಇನ್ನೊಂದು ಡಬ್ಬಿ ತರಿಸಿ ಎಂದು ಕೇಳುವ ಧೈರ್ಯ ನನಗೂ ಇರಲಿಲ್ಲ, ಅವ್ವನಿಗೂ ಇರಲಿಲ್ಲ.

ಅವ್ವ ಆಗ ನನ್ನನ್ನು ಕರೆದುಕೊಂಡು ಮುದ್ದೇಬಿಹಾಳಕ್ಕೆ, ತನ್ನ ತವರಿಗೆ ಹೋದಳು. ಅವ್ವನ ತಾಯಿ, ನಮ್ಮ ಆಯಿ, ಅಲ್ಲಿ ನಾಲ್ಕು ಓಣಿಯ ಬಾಣಂತಿಯರನ್ನು ನೋಡಿಕೊಳ್ಳುತ್ತಿದ್ದವಳು. ಹೆರಿಗೆ ಮಾಡಿಸುವವರು ಬೇರೆ; ಹೆತ್ತು ಸೋತವಳನ್ನು ತಿನ್ನಿಸಿ, ತಿಕ್ಕಿ, ಎಬ್ಬಿಸಿ ನಿಲ್ಲಿಸುವುದು ಇವಳ ಕೆಲಸ. ತಂಗಡಗಿ ಕಡೆಯಿಂದ ಬರುವ ಜಾಲಿ ಅಂಟು, ಅಳವಿ ಬೀಜ, ಉತ್ತತ್ತಿ, ಒಣ ಕೊಬ್ಬರಿ, ಶುಂಠಿ, ಗಸಗಸೆ, ಈಗಿನವರು ಅಶ್ವಗಂಧ ಎನ್ನುವ ಹಿರೇಮದ್ದಿನ ಬೇರು ಎಲ್ಲ ಅವಳ ಅಟ್ಟದ ಗಡಿಗೆಗಳಲ್ಲಿ ಇರುತ್ತಿದ್ದವು. ಅವ್ವ ನನ್ನ ಕತೆ ಹೇಳಿ ಮುಗಿಸುವ ಮೊದಲೇ ಆಯಿ ಅಟ್ಟ ಹತ್ತಿದಳು.

"ಹಡದು ಬಿದ್ದಾಕಿನ್ನ ಎಬ್ಬಿಸಿ ನಿಲ್ಲಸ್ತೈತಿ ಈ ಉಂಡಿ. ಓಡಿ ಬಿದ್ದಾಕಿನ್ನ ಎಬ್ಬಸಂಗಿಲ್ಲೇನು? ಮೈಗೇನ ಗೊತ್ತ ಹಡದೀಯೋ ಓಡೀಯೋ ಅಂತ," ಎಂದಳು.

ಅವತ್ತು ಮಧ್ಯಾಹ್ನವೆಲ್ಲ ಅಂಟು ತುಪ್ಪದಲ್ಲಿ ಅರಳಿತು. ಅಂಟು, ಅಳವಿ, ಬೆಲ್ಲ ಸೇರಿಸಿ ಆಯಿ ಉಂಡೆ ಕಟ್ಟಿದಳು. ಖಾಲಿ ಹೊಟ್ಟೆಯಲ್ಲಿ ಒಂದು, ಓಡಿ ಬಂದ ಮೇಲೆ ಒಂದು. ಜೊತೆಗೆ ಹಾಲಿಗೆ ಹಾಕಿ ಕುಡಿಯಲು ಒಂದು ಬಿಳಿ ಬೇರಿನ ಪುಡಿ. ಅದಕ್ಕೆ ನಮ್ಮ ಕಡೆ ಹಲವು ಮಕ್ಕಳ ತಾಯಿ ಬೇರು ಎನ್ನುತ್ತಾರೆ. ಪೊಟ್ಟಣ ಕಟ್ಟಿಕೊಡುವಾಗ ಆಯಿಯ ಮುಖ ಒಮ್ಮೆಲೇ ಗಂಭೀರವಾಯಿತು.

"ಯಾರ ಮುಂದೂ ತೋರಸಬ್ಯಾಡ್ರಿ. ಲಗ್ನ ಇಲ್ಲದ ಹುಡುಗಿ ಬಾಣಂತಿ ಉಂಡಿ ತಿಂತಾಳಂದ್ರ ಮಂದಿ ಎಲ್ಲಿಂದೆಲ್ಲಿಗೆ ಹೋಗ್ತಾರ ಗೊತ್ತೈತಲ್ಲ."

ನಮಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಓಣಿಯ ಹುಡುಗಿಯೊಬ್ಬಳ ಬಗ್ಗೆ ಇಂಥ ಮಾತು ಹುಟ್ಟಿತ್ತು. ನಿಜವೋ ಸುಳ್ಳೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮಾತು ಹುಟ್ಟಿದ ಹನ್ನೊಂದನೇ ದಿನ ಅವಳು ಬಾವಿಯಲ್ಲಿ ಸಿಕ್ಕಳು. ಆ ಬಾವಿಯ ನೀರನ್ನು ಓಣಿಯವರು ನಾಲ್ಕು ತಿಂಗಳು ಕುಡಿಯಲಿಲ್ಲ, ಆಮೇಲೆ ಕುಡಿದರು. ಮಾತಾಡಿದವರ ಪೈಕಿ ಯಾರಿಗೂ ಏನೂ ಆಗಲಿಲ್ಲ.

ಖಾಲಿಯಾದ ಪ್ರೋಟೀನಿನ ಡಬ್ಬಿಯಲ್ಲೇ ಅವ್ವ ಉಂಡೆಗಳನ್ನು ತುಂಬಿ, ಅದೇ ಗುಮ್ಮಿಯ ಹಿಂದೆ ಇಟ್ಟಳು. ತೀರಿದಾಗ ಖಾಲಿ ಡಬ್ಬಿ ಕಳಿಸಿದರೆ ಆಯಿ ಮತ್ತೆ ಕಟ್ಟಿ, ಮುದ್ದೇಬಿಹಾಳದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುವಳು. ಬಾಯಿಗೆ ಬಟ್ಟೆ ಬಿಗಿದ ಡಬ್ಬಿಯನ್ನು ನಾನು ಬಸ್ ನಿಲ್ದಾಣಕ್ಕೆ ಹೋಗಿ ತರುತ್ತಿದ್ದೆ. ಉಂಡೆ ತಿನ್ನುವಾಗ ಅವ್ವ ಮುಂಬಾಗಿಲಿಗೆ ಅಗಳಿ ಹಾಕುತ್ತಿದ್ದಳು. ನಾನು ಕತ್ತಲೆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಗಬಗಬ ಅಗಿಯುತ್ತಿದ್ದೆ. ಕಳ್ಳಿಗೂ ನನಗೂ ಏನೂ ವ್ಯತ್ಯಾಸವಿರಲಿಲ್ಲ.

ಆಗಲೇ ಇನ್ನೊಂದು ಸಂಗತಿ ನಡೆದದ್ದು. ನನಗೆ ತಿಂಗಳ ಮುಟ್ಟು ನಿಂತಿತು.

ಮೊದಲ ತಿಂಗಳು ನಾನು ಗಮನಿಸಲಿಲ್ಲ. ಎರಡನೆಯ ತಿಂಗಳೂ ಬರಲಿಲ್ಲ. ಆ ವಯಸ್ಸಿನಲ್ಲಿ ನನಗೆ ಗೊತ್ತಿದ್ದದ್ದು ಒಂದೇ: ತಿಂಗಳು ನಿಂತರೆ ಕೂಸು. ಕೂಸು ಹೇಗೆ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ, ಕೇಳಿದರೆ ಬಾಯಿ ಮೇಲೆ ಏಟು ಬೀಳುತ್ತಿತ್ತು. ನಾನು ಕೂತು ಯೋಚಿಸಿದೆ. ಹೊಸದಾಗಿ ನನ್ನ ಹೊಟ್ಟೆಗೆ ಹೋದದ್ದು ಏನು? ಬಾಣಂತಿಯ ಉಂಡೆ, ಹಲವು ಮಕ್ಕಳ ತಾಯಿ ಬೇರು. ಆಯಿ ಅಷ್ಟು ಗಂಭೀರವಾಗಿ ಯಾರಿಗೂ ತೋರಿಸಬೇಡಿ ಎಂದದ್ದು ಇದಕ್ಕೇ ಇರಬೇಕು. ಬೇರಿನ ಪುಡಿಯನ್ನು ಹಾಲಿಗೆ ಹಾಕಿದಂತೆ ಮಾಡಿ ಬಚ್ಚಲಿಗೆ ಚೆಲ್ಲತೊಡಗಿದೆ. ಓಡಿದರೆ ಇಳಿದುಹೋಗಬಹುದೆಂದು ನಾಲ್ಕು ಸುತ್ತಿನ ಬದಲು ಎಂಟು ಸುತ್ತು ಓಡಿದೆ. ಓಡುತ್ತಾ ಕೈಯಿಂದ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ, ದೊಡ್ಡದಾಯಿತೇ ಎಂದು. ಪಕ್ಕದ ಓಣಿಯ ಬಾವಿಯ ಮುಂದೆ ಹಾಯುವುದನ್ನೇ ಬಿಟ್ಟೆ.

ಈಗ ಬರೆಯುವಾಗ ನಗು ಬರುತ್ತದೆ. ಆಗ ಅದು ಪೂರ್ತಿ ಮೂರು ವಾರದ ನರಕ.

ಅವ್ವನಿಗೂ ಲೆಕ್ಕ ಸಿಕ್ಕಿತು. ಒಂದು ಬೆಳಿಗ್ಗೆ ತಲೆ ಬಾಚುತ್ತಿದ್ದವಳು ಜಡೆಯನ್ನು ಅರ್ಧಕ್ಕೆ ಬಿಟ್ಟು ನನ್ನ ಗದ್ದ ಹಿಡಿದು ತಿರುಗಿಸಿದಳು.

"ಖರೆ ಹೇಳು. ಯಾರರ ಮೈ ಮುಟ್ಟ್ಯಾರೇನು?"

"ಯಾರೂ ಮುಟ್ಟಿಲ್ಲ ಯವ್ವಾ. ಆ ಬೇರಿನಿಂದ ಆಗೇತಿ."

ಅವ್ವ ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು, ನಗುತ್ತ ನಗುತ್ತ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮರುದಿನವೇ ಮತ್ತೆ ಮುದ್ದೇಬಿಹಾಳದ ಬಸ್ಸು. ಆಯಿ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ತೊಡೆ ಹಿಚುಕಿ, ಅವ್ವನ ಕಡೆ ತಿರುಗಿದಳು.

"ಬರ ಬಿದ್ದಾಗ ನಮಗೆಲ್ಲಾರಿಗೂ ಹಿಂಗ ನಿಂತಿತ್ತು. ದುಡಿಯೂದು ಹೆಚ್ಚಾಗಿ ತಿನ್ನೂದು ಕಡಿಮಿ ಆದ್ರ ಮೈ ಮೊದಲ ಅದನ್ನ ಬಿಡತೈತಿ. ಬ್ಯಾರೆ ಏನೂ ಇಲ್ಲ. ಉಂಡಿ ಬಿಡಬ್ಯಾಡ್ರಿ, ಎರಡರ ಬದಲಿ ಮೂರ ಕೊಡ್ರಿ. ಅಳವಿ ಪಾಯಸಾನೂ ಕೊಡ್ರಿ. ಬರತೈತಿ."

ನನ್ನ ಜೀವ ತಿರುಗಿ ಬಂದಂತಾಯಿತು. ಆದರೆ ಅವ್ವನ ಮುಖ ತಿಳಿಯಾಗಲಿಲ್ಲ. ಬಸ್ಸಿನಲ್ಲಿ ಬರುವಾಗ ಅವಳು ಒಂದೇ ಮಾತು ಆಡಿದಳು. "ಹಿತ್ತಲದಾಗ ನಿನ್ನ ಬಟ್ಟಿ ಒಣಗಿಲ್ಲ ಎರಡು ತಿಂಗಳಿಂದ. ಕಾಕು ನೋಡ್ಯಾಳೇನು?"

ಕಾಕು ಎಂದರೆ ಹಿತ್ತಲ ಗೋಡೆಯಾಚೆಯ ಮನೆಯಾಕೆ. ಕೆಟ್ಟವಳಲ್ಲ. ಹೆಪ್ಪು ಕೇಳಿದರೆ ಮೊಸರನ್ನೇ ಕೊಡುವಂಥವಳು. ಆದರೆ ಅವಳ ಹಿತ್ತಲಿನ ಕಲ್ಲಿನ ಮೇಲೆ ನಿಂತರೆ ನಮ್ಮ ಹಿತ್ತಲು ಪೂರ್ತಿ ಕಾಣುತ್ತಿತ್ತು. ಓಣಿಯ ಯಾವ ಹೆಂಗಸಿನ ತಿಂಗಳ ಬಟ್ಟೆ ಯಾವಾಗ ಒಣಗಲು ಬಿದ್ದಿತು ಎಂಬುದು ಅವಳಿಗೆ ಪಂಚಾಂಗಕ್ಕಿಂತ ಚೆನ್ನಾಗಿ ಗೊತ್ತಿರುತ್ತಿತ್ತು.

ಬಾಗೇವಾಡಿಯ ಕೂಟಕ್ಕೆ ಇನ್ನು ಹನ್ನೆರಡು ದಿನವಿತ್ತು. ಅವತ್ತು ಶಾಲೆಗೆ ಬಿಡುವು. ಆಯಿಯ ಡಬ್ಬಿ ಬರುವ ದಿನ ಎಂದು ನಾನು ಬಸ್ ನಿಲ್ದಾಣಕ್ಕೆ ಹೋದರೆ ಬಸ್ಸು ಆಗಲೇ ಬಂದು ಹೋಗಿತ್ತು. ಬರಿಗೈಯಲ್ಲಿ ತಿರುಗಿ ಬಂದು ಹಿತ್ತಲ ಬಾಗಿಲಿನಿಂದ ಒಳಗೆ ಕಾಲಿಟ್ಟವಳಿಗೆ ಅಡುಗೆಮನೆಯಲ್ಲಿ ಕಾಕುವಿನ ದನಿ ಕೇಳಿಸಿತು. ಸಂದಿಯಲ್ಲಿ ನೋಡಿದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕಾಕು ಎದುರಿಗೆ ಕೂತಿದ್ದಳು, ಮಡಿಲಲ್ಲಿ ನನ್ನ ಡಬ್ಬಿ.

"ಸಂತಿಗೆ ಹೋಗಿದ್ನಿ. ಕಂಡಕ್ಟರ್ ನನ್ನ ಗುರ್ತ ಹಿಡದು, ನಿಮ್ಮ ಬಾಜೂಕಿನವ್ರದ್ದು ಅಂತ ಕೊಟ್ಟಾ. ಅಂಟಿನ ವಾಸನಿ ಘಮ್ ಅಂತ ಬಡೀತು. ಅಳವೀನೂ ಐತಿ."

ರೊಟ್ಟಿ ಬಡಿಯುವ ಸಪ್ಪಳ ನಿಲ್ಲಲಿಲ್ಲ.

"ನಾ ಕೆಟ್ಟ ಬಾಯಿ ಮಾಡಾಕಿ ಅಲ್ಲ ಯವ್ವಾ. ಆದ್ರ ನಿಮ್ಮ ಮನ್ಯಾಗ ಯಾರೂ ಹಡದಿಲ್ಲ. ಮೊದಲೆಲ್ಲಾ ತಿಂಗಳಿಗೆ ಎರಡ ಸಲ ಬಟ್ಟಿ ಬೀಳ್ತಿದ್ದುವು, ತಾಯಿದೊಮ್ಮೆ, ಮಗಳದೊಮ್ಮೆ. ಈಗ ಮೂರ ತಿಂಗಳಾತು, ಒಂದ ಸಲ ಬೀಳ್ತಾವ. ಹುಡುಗಿ ಮೈದಾನಕ್ಕ ಹೋಗ್ತಾಳ, ಬರ್ತಾಳ. ನಾಳೆ ಮಂದಿ ನನ್ನ ಕೇಳ್ತಾರ. ಏನ ಹೇಳ್ಲಿ ನೀನ ಹೇಳು."

ಕದಕ್ಕೆ ಒರಗಿ ನಿಂತಿದ್ದೆ. ಒರಗದಿದ್ದರೆ ಇಂಡಿಯಲ್ಲಿ ಬಿದ್ದಂತೆ ಬೀಳುತ್ತಿದ್ದೆ. ಬಾವಿಯ ನೀರು, ಅದರ ಮೇಲೆ ತೇಲುವ ಬೇವಿನ ಎಲೆ, ಎಲ್ಲ ಕಣ್ಣ ಮುಂದೆ ಬಂತು. ಇವತ್ತು ಶುಕ್ರವಾರ. ನಾಳೆ ಅಪ್ಪ ಬರುತ್ತಾನೆ. ಬಸ್ಸು ಇಳಿದು ಮನೆ ಮುಟ್ಟುವಷ್ಟರಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಓಟ ಹೋಯಿತು, ತರಬೇತಿ ಹೋಯಿತು, ಬೇಕಾದರೆ ಜೀವವೂ ಹೋಯಿತು ಅಂದುಕೊಂಡೆ.

ಅವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ನನಗ ಕಳಿಸ್ಯಾಳ್ರಿ ಕಾಕು ನಮ್ಮವ್ವ. ನೀವ ನೋಡಿದ್ದು ಹುಡುಗಿ ಬಟ್ಟಿ. ನಿಂತಿದ್ದು ನಂದು. ಮೂರ ತಿಂಗಳಾಗಿತ್ತು. ಈ ಸಲರ ನಿಲ್ಲತೈತೇನೋ ಅಂತ ಯಾರಿಗೂ ಹೇಳಿರಲಿಲ್ಲ. ಮೊನ್ನೆ ಬಸರ ಇಳೀತು."

ಅಷ್ಟು ಹೇಳಿ ಅವ್ವ ಅತ್ತಳು. ಆ ಅಳು ಸುಳ್ಳಾಗಿರಲಿಲ್ಲ. ನನ್ನ ಹಿಂದೆ ಹುಟ್ಟಿ ಹೋದ ಎರಡನ್ನು ನೆನೆದು ಅತ್ತಳೋ, ನನಗಾಗಿ ಅತ್ತಳೋ, ಹೆದರಿಕೆಯಿಂದ ಅತ್ತಳೋ, ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ಕಾಕುವಿನ ಕಣ್ಣಲ್ಲೂ ನೀರು ಬಂತು. "ಅಯ್ಯ ಶಿವನೇ, ಮೈ ಇಳದಾಕಿ ಒಲಿ ಮುಂದ ಕುಂತೀಯಲ್ಲ, ಏಳು ಮೊದಲ," ಎಂದು ಅವ್ವನ ರಟ್ಟೆ ಹಿಡಿದು ಎಬ್ಬಿಸಿ, ಉಳಿದ ರೊಟ್ಟಿಗಳನ್ನು ತಾನೇ ಬಡಿದಳು.

ಹೀಗೆ ನನ್ನ ಅವ್ವ ಹಡೆಯದೇ ಬಾಣಂತಿಯಾದಳು. ತಲೆಗೆ, ಕಿವಿಗೆ ಬಟ್ಟೆ ಕಟ್ಟಿದರು. ಅವಳು ಮಲಗುವ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟರು. ಓಣಿಯ ಹೆಂಗಸರು ಬಟ್ಟಲಲ್ಲಿ ತುಪ್ಪ ತಂದರು, ಒಬ್ಬಳು ಖಾರ ಕುಟ್ಟಿಕೊಟ್ಟಳು, ಕಾಕು ದಿನವೂ ಬಂದು ಎದುರಿಗೆ ಕೂತು ಉಂಡೆ ತಿನ್ನಿಸಿದಳು. ಅವು ನನ್ನ ಉಂಡೆಗಳು. ಬೇಡ ಎಂದರೆ ಸುಳ್ಳು ಬಯಲಾಗುತ್ತದೆ. ಅವ್ವ ತಲೆ ತಗ್ಗಿಸಿ ತಿನ್ನುತ್ತಿದ್ದಳು, ನಡುನಡುವೆ ಒಂದನ್ನು ಸೆರಗಿಗೆ ಜಾರಿಸಿ ನನಗೆ ಎತ್ತಿಡುತ್ತಿದ್ದಳು. ಅವಳು ಒಂದೆಡೆ ಕೂತು ಬಿಸಿಬಿಸಿ ತಿನ್ನುವುದನ್ನು, ಬೇರೊಬ್ಬರು ಅವಳಿಗೆ ಬಡಿಸುವುದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಬಹಳ ಸಿಟ್ಟು ಬಂತು. ಯಾರ ಮೇಲೆ ಎಂದು ಆಗ ತಿಳಿಯಲಿಲ್ಲ. ಹೆಂಗಸು ಗಟ್ಟಿಯಾಗಲೆಂದು ನಾಲ್ಕು ಕಾಳು ತಿನ್ನಿಸಲಿಕ್ಕೆ ಅವಳು ಹಡೆಯಲೇಬೇಕು, ಇಲ್ಲ ಕಳೆದುಕೊಳ್ಳಲೇಬೇಕು. ಬೇರೆ ದಾರಿಯನ್ನು ನಮ್ಮವರು ಇಟ್ಟೇ ಇರಲಿಲ್ಲ.

ಈ ಗಡಿಬಿಡಿಯಲ್ಲಿ ಅಪ್ಪನಿಗೆ ಏನು ಹೇಳುವುದೆಂದು ನಾವಿಬ್ಬರೂ ಯೋಚಿಸಿರಲೇ ಇಲ್ಲ. ಶನಿವಾರ ಮಧ್ಯಾಹ್ನ ಅವ್ವನಿಗೆ ಅದು ನೆನಪಾಗಿ ಹೊರಸಿನ ಮೇಲೆ ಎದ್ದು ಕೂತಳು.

"ನಿಮ್ಮಪ್ಪಗ ಖರೆ ಹೇಳಬ್ಯಾಡ. ಅವ್ರಿಗೆ ಸುಳ್ಳ ಹೇಳಾಕ ಬರಂಗಿಲ್ಲ, ಕಾಕು ಒಂದ ಮಾತ ಕೇಳಿದ್ರ ಮಾರಿ ಮ್ಯಾಲ ಬಂದ ಬಿಡತೈತಿ. ಬಾಗೇವಾಡಿ ಮುಗೀಲಿ. ಆಮ್ಯಾಲೆ ನಾನ ಹೇಳ್ತೇನಿ."

ಅಪ್ಪನಿಗೆ ಬಸ್ ನಿಲ್ದಾಣದಲ್ಲೇ ಕಾಕುವಿನ ಗಂಡ ಹೇಳಿದ್ದ. ಅಪ್ಪ ಒಳಗೆ ಬಂದವನು ಟೋಪಿ ತೆಗೆಯಲಿಲ್ಲ, ಕಾಲಿಗೆ ನೀರು ಹಾಕಿಕೊಳ್ಳಲಿಲ್ಲ. ಹೊರಸಿನ ಹತ್ತಿರ ನೆಲದ ಮೇಲೆ ಕೂತ. ನಾನು ಮೂಲೆಯಲ್ಲಿ ನಿಂತು ಕಾಯುತ್ತಿದ್ದೆ. ಬೈಯುತ್ತಾನೆ, ತಿಂಗಳು ಎಣಿಸುತ್ತಾನೆ, ಹಿಡಿದುಬಿಡುತ್ತಾನೆ ಎಂದು. ಅವನು ಬೈಯಲಿಲ್ಲ, ಎಣಿಸಲೂ ಇಲ್ಲ.

"ಒಂದ ಮಾತ ನನಗ ಹೇಳಬಾರದಾಗಿತ್ತಾ," ಎಂದ. ಆಮೇಲೆ ಹೊರಸಿನ ಕಾಲು ಹಿಡಿದು, "ಗಂಡಿತ್ತೇನು?" ಎಂದ.

"ಗೊತ್ತಾಗಲಿಲ್ಲ," ಎಂದಳು ಅವ್ವ, ಗೋಡೆಯ ಕಡೆ ಹೊರಳಿ.

ಅಪ್ಪ ಎದ್ದು ಹಿತ್ತಲಿಗೆ ಹೋದ. ಬಹಳ ಹೊತ್ತು ಬರಲಿಲ್ಲ. ಕೊಡಪಾನ ತರುವ ನೆವದಲ್ಲಿ ಇಣುಕಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು ಅಳುತ್ತಿದ್ದ. ಅಪ್ಪ ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಹೋಗಿ ಹೇಳಿಬಿಡಲೇ ಎಂದು ಒಂದು ಹೆಜ್ಜೆ ಇಟ್ಟೆ. ಆದರೆ ಬಾಗೇವಾಡಿಗೆ ಹನ್ನೊಂದೇ ದಿನ ಉಳಿದಿತ್ತು. ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದೆ.

ಅಪ್ಪ ಅಗರಖೇಡಕ್ಕೆ ಚೀಟಿ ಕಳಿಸಿ ಎರಡು ವಾರ ರಜೆ ಹಾಕಿದ. ನಾನು ಮಾಡಬೇಕಾದ ಕೆಲಸವನ್ನೆಲ್ಲ ತಾನು ಮಾಡಿದ. ಹೆಂಗಸರು ನಗುವಾಗಲೂ ಬಾವಿಯಿಂದ ನೀರು ಹೊತ್ತು ತಂದ, ದಪ್ಪದಪ್ಪ ರೊಟ್ಟಿ ಬಡಿದ. "ನೀ ಓಡಾಕ ಹೋಗವಾ. ಒಂದರ ಗೆಲ್ಲಲಿ ಈ ಮನ್ಯಾಗ," ಎಂದು ದಿನವೂ ನನ್ನನ್ನು ಮೈದಾನಕ್ಕೆ ಕಳಿಸಿದ. ಅವನು ಹಾಗೆ ಅಂದಾಗೆಲ್ಲ ನಾನು ಮುಖ ತಪ್ಪಿಸಿ ಓಡುತ್ತಿದ್ದೆ.

ಬಾಗೇವಾಡಿಯ ಮೈದಾನ ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ನನ್ನ ಸೊಂಟಕ್ಕೆ ಸಿಗಿಸಿದ್ದ ಗಂಟು. ಅದರಲ್ಲಿ ಅವ್ವ ಸೆರಗಿನಿಂದ ಉಳಿಸಿಕೊಟ್ಟ ಮೂರು ಉಂಡೆಗಳಿದ್ದವು. ಒಂದನ್ನು ಓಟಕ್ಕೆ ಮೊದಲು ಶಾಲೆಯ ಕಟ್ಟಡದ ಹಿಂದೆ ಹೋಗಿ, ಗೋಡೆಗೆ ಮುಖ ಮಾಡಿ ತಿಂದೆ. ಅಲ್ಲಿ ನನ್ನನ್ನು ಬಲ್ಲವರು ಅಕ್ಕೋರು ಬಿಟ್ಟರೆ ಯಾರೂ ಇರಲಿಲ್ಲ, ಆದರೂ ಹಾಗೇ ತಿಂದೆ. ಓಡುವಾಗ ಮುಂದಿನವಳನ್ನು ಹಿಡಿಯಬೇಕೆಂದು ಓಡಲಿಲ್ಲ. ಹಿಂದಿನಿಂದ ಯಾರೋ ಬಂದು ನನ್ನ ಜಡೆ ಹಿಡಿದು ನಿಲ್ಲಿಸಿ ನಿಜ ಹೇಳು ಎನ್ನುತ್ತಾರೆ ಎಂಬಂತೆ ಓಡಿದೆ. ಎರಡನೆಯವಳಾಗಿ ಬಂದೆ. ಈ ಸಲ ಬೀಳಲಿಲ್ಲ, ಕಾಲೂ ಹಿಡಿಯಲಿಲ್ಲ. ಅಕ್ಕೋರು ಅಪ್ಪಿಕೊಂಡರೆ ನಾನು ಕೇಳಿದ್ದು, "ಎರಡನೇದೂ ನಂಬರ್ ಅಲ್ಲೇನ್ರಿ? ಅಪ್ಪ ಒಪ್ತಾನಲ್ರಿ?" ಎಂದು.

ಅಪ್ಪ ಒಪ್ಪಿದ. ಸರ್ಟಿಫಿಕೇಟನ್ನು ಎರಡು ಸಲ ಓದಿ, ಗೋಡೆಗೆ ಹಚ್ಚಿದ.

ಒಂದೂವರೆ ತಿಂಗಳಿಗೆ ನನ್ನ ಮುಟ್ಟು ತಿರುಗಿ ಬಂತು. ಅವ್ವ ಅವತ್ತು ಬಟ್ಟೆಯನ್ನು ಕಾಕುವಿನ ಗೋಡೆಯ ಹತ್ತಿರದ ಹಗ್ಗದ ಮೇಲೆಯೇ ಹರವಿದಳು. ಆಗಲೇ ನಾನು ಕೇಳಿದೆ, ಅಪ್ಪನಿಗೆ ಯಾವಾಗ ಹೇಳುತ್ತೀ ಎಂದು. ಅವ್ವ ಬಟ್ಟೆಯ ಸುಕ್ಕು ಬಿಡಿಸುತ್ತಲೇ ಇದ್ದಳು.

"ಒಮ್ಮೆ ಕಳಕೊಂಡಾರ. ಇತ್ತು ಅನ್ನೂದನ್ನೂ ಕಸಗೊಳ್ಳಾಕ ನನ್ನ ಕೈಲಿ ಆಗಂಗಿಲ್ಲ. ನೀನೂ ಬಾಯಿ ಬಿಡಬ್ಯಾಡ."

ನಾನು ಬಿಡಲಿಲ್ಲ. ತರಬೇತಿ ಮುಗಿಸಿದೆ, ನೌಕರಿ ಹಿಡಿದೆ, ಆಟದ ಅಕ್ಕೋರು ಎನಿಸಿಕೊಂಡೆ. ಬಯಲಲ್ಲಿ ಕಣ್ಣು ಕತ್ತಲೆಗಟ್ಟಿ ಬಿದ್ದ ಹುಡುಗಿಯರಿಗೆ ಶೇಂಗಾ, ಪುಠಾಣಿ, ಬೆಲ್ಲ ತಿನ್ನಿಸಿದೆ. ಅಂಟಿನ ಹೆಸರು ಮಾತ್ರ ಎತ್ತಲಿಲ್ಲ. ಮದುವೆಯಾಯಿತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಚೊಚ್ಚಲ ಹೆರಿಗೆಗೆ ಸಿಂದಗಿಯ ಅದೇ ಮನೆಗೆ ಬಂದು ಗಂಡುಮಗುವನ್ನು ಹೆತ್ತೆ.

ಈ ಸಲ ಅಂಟು, ಅಳವಿ, ಉತ್ತತ್ತಿಯನ್ನು ಅಪ್ಪನೇ ಸಂತೆಯಿಂದ ತಂದ, ಎಲ್ಲರಿಗೂ ಕಾಣುವ ಹಾಗೆ ಚೀಲದ ಬಾಯಿ ತೆರೆದು. ಅವ್ವ ಕೋಣೆಯ ಬಾಗಿಲಲ್ಲೇ ಒಲೆ ಹೂಡಿ ಉಂಡೆ ಕಟ್ಟಲು ಕೂತಳು. ಹಳೆಯ ಪ್ರೋಟೀನಿನ ಡಬ್ಬಿ ಪಕ್ಕದಲ್ಲಿತ್ತು, ಮೇಲಿನ ಬಣ್ಣ ಪೂರ್ತಿ ಹೋಗಿತ್ತು. ಅಪ್ಪ ಹೊಸ್ತಿಲ ಹೊರಗೆ ಕೂತು ನನ್ನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ. ಮಗುವಿನ ಅಂಗಾಲನ್ನು ಹೆಬ್ಬೆರಳಿನಿಂದ ತಿಕ್ಕುತ್ತ, ಯಾರಿಗೂ ಅಲ್ಲ ಎಂಬಂತೆ ಮಾತಾಡಿದ.

"ಆ ಸಲ ಇಳದು ಹೋದಾಂವ ಇದ್ದಿದ್ರ ಈ ಜೂನದಾಗ ಒಂದನೆತ್ತಾಕ ಹಾಕಬೇಕಾಗಿತ್ತು. ಈ ಸಲ ಊರ ಹುಡುಗರ ದಾಖಲಾತಿ ಬರೀವಾಗ ಏನ ಆತೋ ಏನೋ. ರಜಿಸ್ಟರದಾಗ ಅವನ ಹೆಸರ ಬರದಬಿಟ್ಟಿದ್ನಿ. ತಂದಿ ಹೆಸರ ಬರಿಯೂ ಕಡೆ ಬಂದಾಗ ಗೊತ್ತಾತು. ಗೀಟ ಎಳದು ಹೊಡದ ಹಾಕಿದ್ನಿ."

ಯಾವ ಹೆಸರು ಎಂದು ಅವನು ಹೇಳಲಿಲ್ಲ. ಅವ್ವನ ಕೈ ಉಂಡೆಯ ಮೇಲೆ ನಿಂತಿತು. ಅವಳು ನನ್ನ ಕಡೆ ನೋಡಲಿಲ್ಲ. ನಾನು ಬಾಯಿ ತೆರೆದೆ. ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವ್ವ ಆಗತಾನೇ ಕಟ್ಟಿದ ಬಿಸಿ ಉಂಡೆಯನ್ನು ನನ್ನ ಬಾಯಿಗಿಟ್ಟಳು, ನಾನು ಅದನ್ನು ಅಗಿಯತೊಡಗಿದೆ.